ಕೆಸರಿನ ಕಾಡುದಾರಿ ಮತ್ತು ಅಲಬಾಮಾ ರಾಟ್: ನಾಯಿಯನ್ನು ಕಾಪಾಡಲು ನಿಜವಾಗಿ ಏನು ಮಾಡಬಹುದು?

ಕಾಡುದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ. ಮನೆಯಲ್ಲಿ ಎರಡು ನಾಯಿ: 18 ಕೆ.ಜಿ.ಯ ಸ್ಪ್ರಿಂಗರ್ ಸ್ಪಾನಿಯಲ್ ಮತ್ತು 24 ಕೆ.ಜಿ.ಯ ವಿಜ್ಲಾ. ವಾಕಿಂಗ್ ಹೆಚ್ಚಾಗಿ ಮರಗಳ ನಡುವಿನ ದಾರಿಯಲ್ಲೇ. ನವೆಂಬರ್ ಹಿಡಿಯಿತೆಂದರೆ ಅಲ್ಲೆಲ್ಲ ಕೆಸರು. ಅಲಬಾಮಾ ರಾಟ್ ಎಂಬ ನಾಯಿ ರೋಗದ ಬಗ್ಗೆ ಓದಿದಷ್ಟೂ ಗೊಂದಲ ಹೆಚ್ಚಾಗುತ್ತಿದೆ. ತಿಳಿದವರು ದಯವಿಟ್ಟು ಹೇಳಿ:

ಕಾಲು ತೊಳೆದರೆ ನಿಜಕ್ಕೂ ಉಪಯೋಗವಿದೆಯೇ, ಇದ್ದರೆ ಹೇಗೆ ತೊಳೆಯಬೇಕು? ನಾಯಿಗೆ ಬೂಟು ಹಾಕಬೇಕೇ? ಮುಳ್ಳು ತರಚಿದ ಗಾಯಕ್ಕೂ ಈ ರೋಗದ ಹುಣ್ಣಿಗೂ ವ್ಯತ್ಯಾಸ ಹೇಗೆ ತಿಳಿಯುವುದು? ರಕ್ತಪರೀಕ್ಷೆ ಯಾವಾಗ ಮಾಡಿಸಬೇಕು, ಒಂದು ಸಲ ಸಾಕೇ? ಚಳಿಗಾಲ ಪೂರ್ತಿ ಕಾಡನ್ನೇ ಬಿಟ್ಟುಬಿಡಬೇಕೇ?

ವೆಟ್_ಸಣ್ಣಪ್ರಾಣಿ

ಕಾಡುದಾರಿ ಅವರೆ, ಮೊದಲು ರೋಗ ಏನು ಮಾಡುತ್ತದೆ ಎಂಬುದನ್ನು ಹೇಳುತ್ತೇನೆ. ಅದು ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ವೈದ್ಯರು ಇದನ್ನು ಸಿಆರ್‌ಜಿವಿ ಎನ್ನುತ್ತಾರೆ, ಅಂದರೆ ಚರ್ಮ ಮತ್ತು ಕಿಡ್ನಿಯ ಸೂಕ್ಷ್ಮ ರಕ್ತನಾಳಗಳ ರೋಗ. ಆ ನಾಳಗಳ ಒಳಪದರ ಕೆಟ್ಟು, ಅಲ್ಲಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಚರ್ಮದಲ್ಲಿ ಹೀಗಾದರೆ ರಕ್ತ ಸಿಗದ ಭಾಗ ಸತ್ತು ಹುಣ್ಣಾಗುತ್ತದೆ. ಕಿಡ್ನಿಯಲ್ಲಾದರೆ ರಕ್ತ ಸೋಸುವ ಗ್ಲೋಮೆರುಲಸ್‌ಗಳು ಮುಚ್ಚಿಹೋಗುತ್ತವೆ. ಹೆಪ್ಪುಗಟ್ಟಲು ಪ್ಲೇಟ್‌ಲೆಟ್‌ಗಳು ಖರ್ಚಾಗುವುದರಿಂದ ರಕ್ತದಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ. ಕಿರಿದಾದ ನಾಳದಲ್ಲಿ ನುಗ್ಗುವ ಕೆಂಪು ರಕ್ತಕಣಗಳು ಹರಿದು ರಕ್ತಹೀನತೆಯೂ ಬರಬಹುದು. ಅಂದರೆ ಕಾಲಿನ ಹುಣ್ಣು ಹೊರಗಿನಿಂದ ಆದ ಗಾಯವಲ್ಲ, ಒಳಗಿನ ತೊಂದರೆ ಚರ್ಮದಲ್ಲಿ ಕಾಣಿಸಿಕೊಂಡದ್ದು. ಆಂಟಿಬಯೋಟಿಕ್ ಮುಲಾಮು ಹಚ್ಚಿ ನಾಲ್ಕು ದಿನ ಕಾಯುವುದು ಇಲ್ಲಿ ಅಪಾಯಕಾರಿ ಎನ್ನುವುದು ಇದಕ್ಕೇ.

ಹೆಸರು ಬಂದದ್ದು ಅಮೆರಿಕದ ಅಲಬಾಮಾದಿಂದ. 1980ರ ದಶಕದ ಕೊನೆಯಲ್ಲಿ ಅಲ್ಲಿನ ರೇಸ್ ಗ್ರೇಹೌಂಡ್‌ಗಳಲ್ಲಿ ಇಂಥದೇ ರೋಗ ಕಂಡಿತ್ತು. ಬ್ರಿಟನ್ನಿನಲ್ಲಿ ಗುರುತಿಸಲಾದ ಪ್ರಕರಣಗಳು 2012ರ ನವೆಂಬರ್‌ನಿಂದ ಶುರುವಾಗುತ್ತವೆ, ಮೊದಲ ಗುಂಪಿನಲ್ಲಿ ನಿಮ್ಮ ಕಡೆಯ ನ್ಯೂ ಫಾರೆಸ್ಟ್ ಇತ್ತು. ವಿಂಚೆಸ್ಟರ್ ಬಳಿಯ ಆಂಡರ್ಸನ್ ಮೂರ್ಸ್ ಆಸ್ಪತ್ರೆ ಪ್ರಕರಣಗಳ ಲೆಕ್ಕ ಇಡುತ್ತ ಬಂದಿದೆ. ಅಂದಿನಿಂದ ದೃಢಪಟ್ಟವು 300ಕ್ಕೂ ಹೆಚ್ಚು. ದೇಶದಲ್ಲಿರುವ ನಾಯಿಗಳು ಒಂದು ಕೋಟಿಗೂ ಹೆಚ್ಚು. ಹಾಗಾಗಿ ಇದು ಬಹಳ ಅಪರೂಪದ ರೋಗ, ಅದನ್ನು ಮರೆಯಬೇಡಿ. ಆದರೆ ಕಿಡ್ನಿ ಕೆಟ್ಟ ನಾಯಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಇಷ್ಟು ಅಪರೂಪದ ರೋಗಕ್ಕೆ ಇಷ್ಟು ಎಚ್ಚರ ವಹಿಸುವುದು ಅದಕ್ಕಾಗಿ.

ಕಾರಣ ಇನ್ನೂ ಸಿಕ್ಕಿಲ್ಲ. ಮನುಷ್ಯರಲ್ಲಿ ಶಿಗಾ ಟಾಕ್ಸಿನ್ ಎಂಬ ವಿಷ ಬಿಡುವ ಇ. ಕೋಲೈ ಬ್ಯಾಕ್ಟೀರಿಯಾದಿಂದ ಬರುವ ಕಿಡ್ನಿ ರೋಗವನ್ನು ಇದು ಹೋಲುತ್ತದೆ. ಬ್ರಿಟನ್ನಿನ ನಾಯಿಗಳಲ್ಲಿ ಹುಡುಕಿದಾಗ ಆ ಕಾರಣ ಸಾಬೀತಾಗಲಿಲ್ಲ. ಲಸಿಕೆ ಇಲ್ಲ. ನಾಯಿಯಿಂದ ನಾಯಿಗೆ ಹರಡಿದ ಪುರಾವೆಯೂ ಇಲ್ಲ.

ಗೊತ್ತಿರುವುದು ಕಾಲ ಮತ್ತು ನೆಲ. ಹೆಚ್ಚಿನ ಪ್ರಕರಣಗಳು ನವೆಂಬರ್‌ನಿಂದ ಮೇವರೆಗೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಡುಪ್ರದೇಶ, ಬೆಚ್ಚಗಿನ ಚಳಿಗಾಲ, ಹೆಚ್ಚು ಮಳೆ ಇವಕ್ಕೂ ಈ ರೋಗಕ್ಕೂ ನಂಟು ಕಂಡಿತು, ಹುಲ್ಲುಗಾವಲಿನ ಪ್ರದೇಶಗಳಲ್ಲಿ ಅಪಾಯ ಕಡಿಮೆ ಇತ್ತು. ಪ್ರಕರಣಗಳು ಹೆಚ್ಚು ಇರುವುದು ಇಂಗ್ಲೆಂಡಿನ ದಕ್ಷಿಣ ಮತ್ತು ಪಶ್ಚಿಮದಲ್ಲಿ, ಪೂರ್ವದ ಈಸ್ಟ್ ಆಂಗ್ಲಿಯಾದಲ್ಲಿ ಬಹಳ ಕಡಿಮೆ. ತಳಿಗಳಲ್ಲಿ ಹೌಂಡ್ ಮತ್ತು ಗನ್‌ಡಾಗ್ (ಬಂದೂಕು ಬೇಟೆಗೆ ನೆರವಾಗುವ ನಾಯಿ) ಗುಂಪಿನವು ಹೆಚ್ಚು ತುತ್ತಾಗಿವೆ. ನಿಮ್ಮ ಎರಡೂ ನಾಯಿಗಳು ಗನ್‌ಡಾಗ್ ಗುಂಪಿನವೇ. ಅದರಲ್ಲೂ ವಿಜ್ಲಾ ಹೆಸರು ಪಟ್ಟಿಯಲ್ಲಿ ಎದ್ದು ಕಾಣುತ್ತದೆ.

ಕಾಡು ಬಿಡಬೇಕೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ: ಪೂರ್ತಿ ಬಿಡುವ ಅಗತ್ಯವಿಲ್ಲ. ಸತತ ಮಳೆಯಾದ ವಾರದಲ್ಲಿ ಬಯಲು ಹುಲ್ಲು ಅಥವಾ ಗಟ್ಟಿ ದಾರಿ ಆರಿಸಿ, ಉಳಿದಂತೆ ಕಾಡಿಗೆ ಹೋಗಿ. ಪ್ರಕರಣಗಳ ನಕ್ಷೆ ನೋಡಿ "ಈ ಕಾಡು ಸುರಕ್ಷಿತ, ಆ ಕಾಡು ಅಪಾಯ" ಎಂದು ತೀರ್ಮಾನಿಸಬೇಡಿ. ನಕ್ಷೆಯ ಚುಕ್ಕೆ ತೋರಿಸುವುದು ಆ ನಾಯಿ ಯಾವ ಊರಿನದು ಎಂಬುದನ್ನು. ಅದಕ್ಕೆ ರೋಗ ತಗುಲಿದ ಜಾಗ ಯಾವುದೆಂದು ಆ ಚುಕ್ಕೆಯಿಂದ ತಿಳಿಯುವುದಿಲ್ಲ.

ಗ್ರೂಮಿಂಗ್_ಮೇಜು

ತೊಳೆಯುವ ವಿಚಾರಕ್ಕೆ ಬರುತ್ತೇನೆ. ತೊಳೆದರೆ ಈ ರೋಗ ಬರುವುದಿಲ್ಲ ಎಂದು ಯಾರೂ ಸಾಬೀತು ಮಾಡಿಲ್ಲ. ಕಾರಣವೇ ಗೊತ್ತಿಲ್ಲದಿರುವಾಗ ಅದು ಸಾಧ್ಯವೂ ಇಲ್ಲ. ಆದರೂ ತೊಳೆಯಿರಿ, ಏಕೆಂದರೆ ಕೆಸರಿನಡಿ ಹುಣ್ಣು ಕಾಣುವುದಿಲ್ಲ. ದಿನಾ ತೊಳೆಯುವ ಮನೆಯಲ್ಲಿ ಹುಣ್ಣು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಉಗುರುಬೆಚ್ಚಗಿನ ನೀರು ಸಾಕು, ಶಾಂಪೂ ಬೇಡ. ಕೆಸರು ಹಸಿಯಾಗಿರುವಾಗಲೇ, ಮನೆಗೆ ಬಂದ ತಕ್ಷಣ ತೊಳೆಯಿರಿ. ಒಣಗಿದ ಮೇಲೆ ಬ್ರಷ್‌ನಿಂದ ಕೆರೆದರೆ ಚರ್ಮ ತರಚುತ್ತದೆ, ಆಮೇಲೆ ಅದೇ ಕೆಂಪು ನೋಡಿ ಗಾಬರಿಯಾಗುತ್ತೀರಿ. ಹೊಟ್ಟೆ ಮತ್ತು ಎದೆಯಡಿಯಿಂದ ಶುರುಮಾಡಿ ಕೆಳಗೆ ಬನ್ನಿ, ಪಾದ ಕೊನೆಗೆ. ಮೇಲಿನ ಕೊಳೆ ತೊಳೆದ ಪಾದಕ್ಕೆ ಮತ್ತೆ ಇಳಿಯಬಾರದು. ಬೆರಳ ಸಂದನ್ನು ಹೆಬ್ಬೆರಳಿನಿಂದ ಬಿಡಿಸಿ ನೀರು ಹರಿಸಿ. ಬಕೆಟ್ಟಿನಲ್ಲಿ ಪಾದ ಅದ್ದುವವರು ಪ್ರತಿ ನಾಯಿಗೂ ನೀರು ಬದಲಿಸಿ. ಎರಡನೇ ಪಾದಕ್ಕಾಗಲೇ ಅದು ಕೆಸರುನೀರಾಗಿರುತ್ತದೆ, ಹಾಗಾಗಿ ಹರಿಯುವ ನೀರೇ ಮೇಲು.

ಹೆಚ್ಚು ಜನ ತಪ್ಪುವುದು ಒಣಗಿಸುವಲ್ಲಿ. ಸ್ಪಾನಿಯಲ್‌ನ ಬೆರಳ ಸಂದಿನಲ್ಲಿ ತೇವ ಉಳಿದರೆ ಒಂದೆರಡು ವಾರದಲ್ಲಿ ಮಲಸೀಜಿಯ ಎಂಬ ಯೀಸ್ಟ್ ಬೆಳೆದು ಕೆಂಪಾಗುತ್ತದೆ, ನಾಯಿ ನೆಕ್ಕಲು ಶುರುಮಾಡುತ್ತದೆ. ನೆಕ್ಕಿ ನೆಕ್ಕಿ ಆದ ಹುಣ್ಣು ನೋಡಲು ಈ ರೋಗದ ಹುಣ್ಣಿನಂತೆಯೇ ಇರಬಹುದು. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಪ್ರತಿ ಸಂದಿಗೂ ಟವೆಲ್ಲಿನ ಮೂಲೆ ತೂರಿಸಿ. ಹೇರ್ ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿ ಮಾತ್ರ.

ಅಂಗಾಲಿನ ಮೆತ್ತೆಗಳ ನಡುವಿನ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಿಡಿ, ತುದಿ ಮೊಂಡಾದ ಕತ್ತರಿಯಲ್ಲಿ. ಸ್ಪಾನಿಯಲ್‌ನ ಕಾಲ ಹಿಂಬದಿಯ ಜೂಲನ್ನು ಚಳಿಗಾಲಕ್ಕೆ 1–2 ಸೆಂ.ಮೀ.ಗೆ ಇಳಿಸಿ. ಆ ಜೂಲಿನಡಿ ನಾಣ್ಯದಗಲದ ಹುಣ್ಣು ಮೂರು ದಿನ ಅಡಗಿರಬಲ್ಲದು. ವಿಜ್ಲಾಗೆ ಈ ತೊಂದರೆ ಇಲ್ಲ.

ನೆಲ ಒರೆಸುವ ಕ್ರಿಮಿನಾಶಕ, ಮನುಷ್ಯರ ಸೋಪು ಇವೆರಡೂ ಬೇಡ. ನಾಯಿಯ ಚರ್ಮದ ಪಿಎಚ್ ನಮ್ಮದಕ್ಕಿಂತ ಹೆಚ್ಚು, ನಮ್ಮ ಸೋಪಿಗೆ ಅದು ಒಣಗಿ ಬಿರಿಯುತ್ತದೆ. ಪಾದಕ್ಕೆ ಹಚ್ಚಿದ್ದೆಲ್ಲ ನಾಯಿಯ ಹೊಟ್ಟೆಗೆ ಹೋಗುತ್ತದೆ ಎಂಬುದೂ ನೆನಪಿರಲಿ.

ಬೂಟನ್ನು ನಾನು ಶಿಫಾರಸು ಮಾಡುವುದಿಲ್ಲ. ಅದು ಪಾದವನ್ನಷ್ಟೇ ಮುಚ್ಚುತ್ತದೆ. ಈ ಹುಣ್ಣುಗಳು ಮೊಣಕೈ, ಮೊಣಕಾಲಿನ ಕೆಳಗೆ ಎಲ್ಲಿ ಬೇಕಾದರೂ ಬರುತ್ತವೆ, ಹೊಟ್ಟೆ, ಮೂತಿ, ನಾಲಿಗೆಯ ಮೇಲೂ ಬರುತ್ತವೆ. ಕೆಸರು ಮೇಲಿಂದ ಬೂಟಿನೊಳಗೆ ಇಳಿದರೆ ಒಂದು ಗಂಟೆ ಒದ್ದೆ ಪಟ್ಟಿ ಕಟ್ಟಿದಂತೆ. ಮುಂಗಾಲಿನ ಅರೆಬೆರಳಿನ (ಪಾದಕ್ಕಿಂತ ಮೇಲಿರುವ, ನೆಲ ಮುಟ್ಟದ ಬೆರಳು) ಬಳಿ ಉಜ್ಜಿ ಗಾಯವಾಗುವುದಂತೂ ಸಾಮಾನ್ಯ.

ನರ್ಸ್_ರಾತ್ರಿಪಾಳಿ

ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ. ಹುಣ್ಣು ಗುರುತಿಸುವುದು ಮತ್ತು ಆಮೇಲಿನ ಮೊದಲ ಗಂಟೆಗಳ ಬಗ್ಗೆ ಬರೆಯುತ್ತೇನೆ.

ಟಾರ್ಚ್ ಹಿಡಿದು ಒಂದೇ ಕ್ರಮದಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಪಾದದಲ್ಲಿ ನಾಲ್ಕು ಬೆರಳ ಮೆತ್ತೆ, ನಡುವಿನ ದೊಡ್ಡ ಮೆತ್ತೆ, ಅವುಗಳ ಸಂದು. ಮುಂಗಾಲಿನಲ್ಲಿ ಮಣಿಕಟ್ಟಿನ ಹಿಂದಿನ ಚಿಕ್ಕ ಮೆತ್ತೆ, ಅರೆಬೆರಳಿನ ಬುಡ. ಆಮೇಲೆ ಕಾಲು, ಒಳತೊಡೆ, ಹೊಟ್ಟೆ, ಕೊನೆಗೆ ತುಟಿ ಎತ್ತಿ ವಸಡು, ನಾಲಿಗೆ. ಎರಡು ನಾಯಿಗೆ ಸೇರಿ ಐದು ನಿಮಿಷ ಸಾಕು.

ನೋಡಿದ ಮಾತ್ರಕ್ಕೆ ಇದು ಅದೇ, ಇದು ಅಲ್ಲ ಎಂದು ವೈದ್ಯರೂ ಹೇಳಲಾರರು. ಕೆಂಪು ಕಲೆ, ಬಾವು, ಮೂಗೇಟಿನಂಥ ಕಪ್ಪು ಮಚ್ಚೆ, ಅಂಚು ಸ್ಪಷ್ಟವಿರುವ ದುಂಡನೆಯ ಹುಣ್ಣು, ಕಚ್ಚಿದಂತೆ ಕಾಣುವ ಗಾಯ, ಹೀಗೆ ಯಾವ ರೂಪದಲ್ಲಾದರೂ ಬರಬಹುದು. ನಿಮಗೆ ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಗಾಯ ಹೇಗಾಯಿತು ಎಂದು ನನಗೆ ಗೊತ್ತಿದೆಯೇ? ಮುಳ್ಳುತಂತಿಗೆ ಸಿಕ್ಕಿ ಕೂಗಿದ್ದನ್ನು ಕಂಡಿದ್ದರೆ ಅದು ತರಚುಗಾಯ. ಹೇಗಾಯಿತೆಂದು ತಿಳಿಯದ ಗಾಯ ನವೆಂಬರ್–ಮೇ ನಡುವೆ ಮೊಣಕಾಲ ಕೆಳಗೆ ಕಂಡರೆ ಅದೇ ದಿನ ಕ್ಲಿನಿಕ್ಕಿಗೆ ಫೋನ್ ಮಾಡಿ. ಎರಡು ಕಾಲಲ್ಲಿ ಒಟ್ಟಿಗೆ ಹುಣ್ಣು, ಅಥವಾ ವಸಡು, ಹೊಟ್ಟೆಯ ಮೇಲೆ ಒತ್ತಿದರೂ ಮಾಸದ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಕಂಡರೆ ರಾತ್ರಿಯಾಗಿದ್ದರೂ ಕಾಯಬೇಡಿ. ಬ್ರಿಟನ್ನಿನಲ್ಲಿ ವೃತ್ತಿಯಲ್ಲಿರುವ ಪಶುವೈದ್ಯರು ದಿನದ 24 ಗಂಟೆಯೂ ತುರ್ತು ನೆರವಿನ ವ್ಯವಸ್ಥೆ ಇಡಬೇಕೆಂಬ ನಿಯಮವಿದೆ. ನಿಮ್ಮ ಕ್ಲಿನಿಕ್ಕಿನ ರಾತ್ರಿ ನಂಬರ್ ಯಾವುದು, ಯಾವ ಊರಿಗೆ ಹೋಗಬೇಕು ಎಂಬುದನ್ನು ಇವತ್ತೇ ಕೇಳಿ ಬರೆದಿಡಿ.

ಫೋಟೋ ತೆಗೆಯಿರಿ, ಪಕ್ಕದಲ್ಲಿ ನಾಣ್ಯ ಇಟ್ಟು. ಮರುದಿನ ಹುಣ್ಣು ಹಿಗ್ಗಿದೆಯೇ ಎಂದು ಹೇಳಲು ಅಳತೆ ಬೇಕು. ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ.

ಹುಣ್ಣು ಕಂಡು 1ರಿಂದ 10 ದಿನದೊಳಗೆ ಕಿಡ್ನಿ ಕೆಡಬಹುದು, ಹಾಗಾಗಿ ಆ ಹತ್ತು ದಿನ ನಾಯಿ ಎಷ್ಟೇ ಚುರುಕಾಗಿದ್ದರೂ ಲೆಕ್ಕ ಇಡಿ. ಆರೋಗ್ಯವಂತ ನಾಯಿ ದಿನಕ್ಕೆ ಕೆ.ಜಿ.ಗೆ ಸುಮಾರು 40–60 ಮಿ.ಲೀ. ನೀರು ಕುಡಿಯುತ್ತದೆ. ನಿಮ್ಮ ಸ್ಪಾನಿಯಲ್‌ಗೆ ಅದು 720–1080 ಮಿ.ಲೀ., ವಿಜ್ಲಾಗೆ 960–1440 ಮಿ.ಲೀ. ಡಬ್ಬಿಯ ಹಸಿ ಆಹಾರ ತಿನ್ನುವ ನಾಯಿ ಇದಕ್ಕಿಂತ ಕಡಿಮೆ ಕುಡಿಯುತ್ತದೆ, ಅದು ಸಹಜ. ಕೆ.ಜಿ.ಗೆ 100 ಮಿ.ಲೀ. ದಾಟಿದರೆ ಖಂಡಿತ ಅತಿಯಾಯಿತು. ಬಟ್ಟಲಿಗೆ ಬೆಳಿಗ್ಗೆ ಅಳೆದು ಸುರಿಯಿರಿ, ಮರುದಿನ ಉಳಿದದ್ದನ್ನು ಕಳೆಯಿರಿ. ಎರಡು ನಾಯಿಗೂ ಒಂದೇ ಬಟ್ಟಲಿದ್ದರೆ ಲೆಕ್ಕ ಸಿಗದು, ಆ ಹತ್ತು ದಿನ ಬೇರೆ ಬೇರೆ ಕೋಣೆಯಲ್ಲಿಡಿ.

ನೀರಿಗಿಂತ ಮುಖ್ಯ ಮೂತ್ರ. ಎಷ್ಟು ಸಲ, ಎಷ್ಟು ಹೊತ್ತು ಹೊಯ್ಯಿತು ಎಂದು ಗಮನಿಸಿ. ಊಟ ಬಿಡುವುದು, ವಾಂತಿ, ಮಂಕುತನ, ಬಾಯಿಯ ವಾಸನೆ ಬದಲಾಗುವುದು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೆ ಹೊರಡಿ.

ಕಾಡುದಾರಿ

ತುಂಬಾ ಧನ್ಯವಾದಗಳು. ಇನ್ನೊಂದು ಪ್ರಶ್ನೆ. ಮನೆಯಲ್ಲಿ ಹಿಂದೆ ಬರೆದುಕೊಟ್ಟ ಮೆಲೊಕ್ಸಿಕ್ಯಾಮ್ ಎಂಬ ನೋವಿನ ಔಷಧ ಉಳಿದಿದೆ. ನಾಯಿ ಕುಂಟುತ್ತಿದ್ದರೆ ವೈದ್ಯರು ಸಿಗುವತನಕ ಒಂದು ಡೋಸ್ ಕೊಡಬಹುದೇ? ಮತ್ತು ಈಗಲೇ, ಏನೂ ಇಲ್ಲದಿರುವಾಗಲೇ ರಕ್ತಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿದೆಯೇ?

ವೆಟ್_ಸಣ್ಣಪ್ರಾಣಿ

ಕೊಡಬೇಡಿ. ಮೆಲೊಕ್ಸಿಕ್ಯಾಮ್ ಮತ್ತು ಆ ಗುಂಪಿನ ಎಲ್ಲ ನೋವಿನ ಔಷಧಗಳೂ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವ ಪ್ರೊಸ್ಟಗ್ಲಾಂಡಿನ್‌ಗಳನ್ನು ತಡೆಯುತ್ತವೆ. ಆರೋಗ್ಯವಂತ ನಾಯಿ ಅದನ್ನು ತಾಳಿಕೊಳ್ಳುತ್ತದೆ. ಕಿಡ್ನಿಯ ನಾಳಗಳು ಮುಚ್ಚಿಕೊಳ್ಳುತ್ತಿರುವ ನಾಯಿ ತಾಳಿಕೊಳ್ಳುವುದಿಲ್ಲ. ಕಾರಣ ತಿಳಿಯದ ಹುಣ್ಣಿದ್ದರೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ಎಷ್ಟಿದೆ ಎಂದು ನೋಡುವತನಕ ಈ ಗುಂಪಿನ ಔಷಧ ಬೇಡ. ಕ್ಲಿನಿಕ್ಕಿನಲ್ಲಿ ಯಾರಾದರೂ ಇಂಜೆಕ್ಷನ್ ಕೊಡಲು ಹೊರಟರೂ "ಅಲಬಾಮಾ ರಾಟ್ ಅನುಮಾನವಿದೆ, ಮೊದಲು ರಕ್ತ ನೋಡಬಹುದೇ?" ಎಂದು ಕೇಳಿ. ಅದು ಉದ್ಧಟತನವಲ್ಲ. ನೋವಿಗೆ ಬೇರೆ ಔಷಧಗಳಿವೆ.

ಆರೋಗ್ಯವಾಗಿರುವಾಗಿನ ರಕ್ತಪರೀಕ್ಷೆಗೆ ಬಹಳ ಅರ್ಥವಿದೆ. ಕ್ರಿಯಾಟಿನಿನ್ ಎರಡು ದಿನದೊಳಗೆ ಲೀಟರ್‌ಗೆ 26.4 ಮೈಕ್ರೋಮೋಲ್‌ನಷ್ಟು ಅಥವಾ ಹೆಚ್ಚು ಏರಿದರೆ, ಸಂಖ್ಯೆ ಲ್ಯಾಬಿನ "ಸಾಮಾನ್ಯ" ಗೆರೆಯೊಳಗೇ ಇದ್ದರೂ ಅದನ್ನು ಕಿಡ್ನಿಗೆ ಪೆಟ್ಟು ಎಂದೇ ಎಣಿಸಲಾಗುತ್ತದೆ. ನಾಯಿಯ ಮಾಮೂಲು ಮಟ್ಟ 75 ಎಂದು ಗೊತ್ತಿದ್ದರೆ 105 ಬಂದಾಗ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ, ಗೊತ್ತಿಲ್ಲದಿದ್ದರೆ ಅದೇ 105 "ಸರಿಯಿದೆ" ಎನಿಸಿಕೊಳ್ಳುತ್ತದೆ. ಗ್ರೇಹೌಂಡ್ ಇರುವವರಿಗೆ ಇದು ಇನ್ನೂ ಮುಖ್ಯ. ಆ ತಳಿಯಲ್ಲಿ ಕ್ರಿಯಾಟಿನಿನ್ ಸಹಜವಾಗಿಯೇ ಹೆಚ್ಚು, ಪ್ಲೇಟ್‌ಲೆಟ್ ಸಹಜವಾಗಿಯೇ ಕಡಿಮೆ. ಮಾಮೂಲು ಮಟ್ಟ ತಿಳಿಯದೆ ಓದಿದರೆ ಎರಡೂ ದಾರಿ ತಪ್ಪಿಸುತ್ತವೆ. ವಾರ್ಷಿಕ ಲಸಿಕೆಗೆ ಹೋದಾಗ ಮಾಡಿಸಿ, ವರದಿಯ ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.

ಹುಣ್ಣು ಬಂದ ಮೇಲೆ ಒಂದು ಪರೀಕ್ಷೆ ಸಾಲದು. ಮೊದಲ ದಿನ ರಕ್ತ ಚೆನ್ನಾಗಿದೆ ಎಂದು ಮನೆಗೆ ಕಳಿಸಿ, ನಾಲ್ಕನೇ ದಿನ ವಾಂತಿಯೊಂದಿಗೆ ಮರಳುವುದೇ ಈ ರೋಗದ ರೀತಿ. 24ರಿಂದ 48 ಗಂಟೆಗೊಮ್ಮೆ ಕ್ರಿಯಾಟಿನಿನ್, ಯೂರಿಯಾ, ಪ್ಲೇಟ್‌ಲೆಟ್ ನೋಡುತ್ತ ಹತ್ತು ದಿನ ದಾಟಿಸಬೇಕು. ಜೊತೆಗೆ ಮೂತ್ರ. ಕ್ರಿಯಾಟಿನಿನ್ ಏರುವ ಮೊದಲೇ ಮೂತ್ರದಲ್ಲಿ ಸುಳಿವು ಸಿಗಬಹುದು: ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ, ಪ್ರೋಟೀನ್, ಸೂಕ್ಷ್ಮದರ್ಶಕದಲ್ಲಿ ಕಾಸ್ಟ್‌ಗಳು (ಕಿಡ್ನಿಯ ಸೂಕ್ಷ್ಮ ನಳಿಕೆಗಳಲ್ಲಿ ಅಚ್ಚಾದ ಚೂರುಗಳು). ಬೆಳಗಿನ ಮೊದಲ ಮೂತ್ರವನ್ನು ಚಪ್ಪಟೆ ತಟ್ಟೆಯಲ್ಲಿ ಹಿಡಿದು, ಶುದ್ಧ ಸೀಸೆಗೆ ಹಾಕಿ ತೆಗೆದುಕೊಂಡು ಹೋಗಿ. ಕೈಗವಸು ಹಾಕಿಕೊಳ್ಳಿ. ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಕೂಡ ನಿಂತ ನೀರು, ಒದ್ದೆ ನೆಲದಿಂದಲೇ ಬರುತ್ತದೆ, ಕಿಡ್ನಿಯನ್ನೇ ಕೆಡಿಸುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ತಗಲುತ್ತದೆ. ಅದಕ್ಕೆ ಲಸಿಕೆ ಇದೆ, ವರ್ಷಕ್ಕೊಮ್ಮೆ. ಅಲಬಾಮಾ ರಾಟ್‌ಗೆ ಹೆದರುವ ಎಷ್ಟೋ ಜನ ಆ ಲಸಿಕೆಯ ಗಡುವು ಮೀರಿಸಿಬಿಟ್ಟಿರುತ್ತಾರೆ.

ಹುಣ್ಣು ಬಂದ ಎಲ್ಲ ನಾಯಿಗಳ ಕಿಡ್ನಿಯೂ ಕೆಡುವುದಿಲ್ಲ. ಚರ್ಮದಲ್ಲೇ ನಿಂತವು ಚೇತರಿಸಿಕೊಳ್ಳುತ್ತವೆ. ಕಿಡ್ನಿ ಕೆಟ್ಟರೆ ಆಸ್ಪತ್ರೆಯಲ್ಲಿ ಡ್ರಿಪ್, ವಾಂತಿಗೆ ಔಷಧ, ರಕ್ತದೊತ್ತಡದ ನಿಯಂತ್ರಣ, ಗಂಟೆಗಂಟೆಗೆ ಮೂತ್ರದ ಅಳತೆ. ಕೆ.ಜಿ.ಗೆ ಗಂಟೆಗೆ 1–2 ಮಿ.ಲೀ. ಬರಬೇಕಾದದ್ದು ನಿಂತುಹೋದರೆ, ಕೊಟ್ಟ ಡ್ರಿಪ್ ಹೊರಹೋಗದೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ದಿನಕ್ಕೆ ಹಲವು ಸಲ ತೂಕ ನೋಡುವುದು ಇದಕ್ಕಾಗಿ. ರಾಯಲ್ ವೆಟರ್ನರಿ ಕಾಲೇಜಿನ ಆಸ್ಪತ್ರೆಯಲ್ಲಿ ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಾವಣೆ ಪ್ರಯತ್ನಿಸಿದ್ದಾರೆ: ರಕ್ತ ಹೊರತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ದಾನಿ ನಾಯಿಯ ಪ್ಲಾಸ್ಮಾ ಸೇರಿಸಿ ಹಿಂತಿರುಗಿಸುವುದು. ಪ್ರಕಟವಾದ ವರದಿಯಲ್ಲಿ ಆರು ನಾಯಿಗಳಲ್ಲಿ ಎರಡು ಉಳಿದವು. ಸಂಖ್ಯೆ ಚಿಕ್ಕದು, ಆದರೂ ಕಿಡ್ನಿ ಕೆಟ್ಟರೆ ಮುಗಿಯಿತು ಎನ್ನುತ್ತಿದ್ದ ಕಾಲದಲ್ಲಿ ಅದು ದೊಡ್ಡ ವಿಷಯ. ಇಂಥ ಚಿಕಿತ್ಸೆ ಬೆರಳೆಣಿಕೆಯ ಕಡೆ ಮಾತ್ರ ಸಿಗುತ್ತದೆ. ಮೊದಲ ದಿನವೇ ಅಂಥ ಆಸ್ಪತ್ರೆಗೆ ಕಳಿಸಿಕೊಡುವ (ರೆಫರಲ್) ಬಗ್ಗೆ ಕೇಳಿ, ವಿಮೆಯ ವಾರ್ಷಿಕ ಮಿತಿ ಎಷ್ಟೆಂದು ಈಗಲೇ ನೋಡಿಡಿ.

ಸ್ಲೈಡ್_ನೋಡುವವರು

ಯಾರೂ ಮೊದಲೇ ಯೋಚಿಸಲು ಬಯಸದ ಮಾತೊಂದಿದೆ. ಈ ರೋಗ ಖಚಿತವಾಗುವುದು ಕಿಡ್ನಿಯ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. ಪ್ಲೇಟ್‌ಲೆಟ್ ಇಳಿದ ನಾಯಿಯಲ್ಲಿ ಬಯಾಪ್ಸಿ ಮಾಡಿದರೆ ರಕ್ತಸ್ರಾವದ ಭಯ, ಹಾಗಾಗಿ ದೃಢಪಟ್ಟ ಪ್ರಕರಣಗಳಲ್ಲಿ ಹೆಚ್ಚಿನವು ಸತ್ತ ನಂತರ ತಿಳಿದವು. ನಾಯಿ ಉಳಿಯದಿದ್ದರೆ ಪೋಸ್ಟ್‌ಮಾರ್ಟಂಗೆ ಒಪ್ಪಿಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ದೇಹವನ್ನು ಫ್ರಿಜ್ಜಿನಲ್ಲಿಡಬೇಕು, ಫ್ರೀಜರ್‌ನಲ್ಲಲ್ಲ. ಹೆಪ್ಪುಗಟ್ಟಿದ ನೀರು ಜೀವಕೋಶಗಳನ್ನು ಒಡೆದು, ಸ್ಲೈಡಿನಲ್ಲಿ ನಾಳಗಳ ಸ್ಥಿತಿ ಓದಲಾಗುವುದಿಲ್ಲ. ಬೇಗ ಮಾಡಿದಷ್ಟೂ ಒಳ್ಳೆಯದು, ಕಿಡ್ನಿ ಬೇಗ ಕೊಳೆಯುತ್ತದೆ. ಎಲ್ಲಿ ನಡೆದಾಡಿತ್ತು, ಹುಣ್ಣು ಯಾವ ದಿನ ಕಂಡಿತು ಎಂಬ ವಿವರವನ್ನೂ ವೈದ್ಯರಿಗೆ ಕೊಡಿ.

ಇನ್ನೊಂದು: ಆಗಸ್ಟ್–ನವೆಂಬರ್‌ನಲ್ಲಿ ಕಾಡಿಗೆ ಹೋಗಿಬಂದ ಒಂದರಿಂದ ಮೂರು ದಿನದಲ್ಲಿ ವಾಂತಿ, ಭೇದಿ, ನಡುಕ ಕಂಡರೆ ಅದು ಸೀಸನಲ್ ಕೆನೈನ್ ಇಲ್ನೆಸ್ ಎಂಬ ಬೇರೆಯೇ ಕಾಯಿಲೆಯಾಗಿರಬಹುದು. ಅದರಲ್ಲಿ ಹುಣ್ಣು ಇರುವುದಿಲ್ಲ, ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವು ಉಳಿಯುತ್ತವೆ. ಎರಡನ್ನೂ ಒಂದೇ ಎಂದು ತಿಳಿದು ಕೈಚೆಲ್ಲಬೇಡಿ.

ಕಾಡುದಾರಿ

ಕೊನೆಯ ಅನುಮಾನ: ಒಂದು ನಾಯಿಗೆ ಹುಣ್ಣು ಬಂದರೆ ಇನ್ನೊಂದನ್ನು ಬೇರೆ ಮನೆಗೆ ಕಳಿಸಬೇಕೇ?

ನರ್ಸ್_ರಾತ್ರಿಪಾಳಿ

ಬೇಡ. ಒಂದರಿಂದ ಇನ್ನೊಂದಕ್ಕೆ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ಎರಡೂ ಒಂದೇ ದಾರಿಯಲ್ಲಿ ನಡೆದಿವೆ, ಹಾಗಾಗಿ ಹುಣ್ಣಿಲ್ಲದ ನಾಯಿಯನ್ನೂ ದಿನಕ್ಕೆ ಎರಡು ಸಲ ಟಾರ್ಚ್ ಹಿಡಿದು ನೋಡಿ, ನೀರು ಮತ್ತು ಊಟದ ಲೆಕ್ಕ ಅದಕ್ಕೂ ಇರಲಿ. ಹಳೆಯ ರಕ್ತಪರೀಕ್ಷೆ ಇಲ್ಲದಿದ್ದರೆ ಮೊದಲನೆಯದನ್ನು ತೋರಿಸಲು ಹೋದಾಗ ಇದರ ರಕ್ತವನ್ನೂ ಕೊಟ್ಟು ಬನ್ನಿ. ಲೆಪ್ಟೊ ಅಲ್ಲ ಎಂದು ವರದಿ ಬರುವತನಕ ಒಂದರ ಮೂತ್ರದ ಜಾಗಕ್ಕೆ ಇನ್ನೊಂದನ್ನು ಬಿಡಬೇಡಿ, ಅಂಗಳದಲ್ಲಿ ಹೊಯ್ದ ಜಾಗಕ್ಕೆ ಚೆನ್ನಾಗಿ ನೀರು ಸುರಿಯಿರಿ.